ದೊಡ್ಡಯ್ಯನನ್ನು ಮೊದಲು ಕಂಡವಳು

"ಚಿಕ್ಕಪ್ಪ, ಅಲ್ನೋಡಿ. ಯಾವ್ದೋ ದೋಣಿ ಮಗುಚಿ ಬಿದ್ದಿದೆ."

ಹಿಂದಿನ ಸೀಟಿನಿಂದ, ಊರು ನೋಡಲು ಬಂದಿದ್ದ ದಿಯೆಪ್ ಕೈ ಚಾಚಿ ತೋರಿಸಿದಾಗ ಥಾಕ್ ಮರಳಿನ ಇಳಿಜಾರಿನಲ್ಲಿ ಬೈಕ್ ಇಳಿಸುತ್ತಿದ್ದ. ಚಕ್ರ ಜಾರದಂತೆ ಎರಡೂ ಕಾಲನ್ನು ನೆಲಕ್ಕೆ ಊರಿ ಹೋಗುತ್ತಿದ್ದವನಿಗೆ ತಲೆ ಎತ್ತುವ ಪುರುಸೊತ್ತು ಇರಲಿಲ್ಲ. ಎತ್ತಿದ ಮೇಲೆ ಬೈಕ್ ತಾನಾಗಿಯೇ ನಿಂತಿತು. ಬ್ರೇಕು ಹಿಡಿದದ್ದು ಅವನ ನೆನಪಿನಲ್ಲಿಲ್ಲ.

ಅಲೆ ಬಂದು ಮುಟ್ಟುವ ಜಾಗದಲ್ಲಿ ಕಪ್ಪಗೆ, ಉದ್ದಕ್ಕೆ, ಒದ್ದೆಯಾಗಿ ಹೊಳೆಯುತ್ತ ಅದು ಮಲಗಿತ್ತು. ಹತ್ತಿರದಲ್ಲಿ ಒಂದು ಹಕ್ಕಿ ಇಲ್ಲ, ಏಡಿ ಇಲ್ಲ. ಥಾಕ್ ಅರ್ಧ ಆಯುಷ್ಯ ಸಮುದ್ರದಲ್ಲಿ ಬಲೆ ಎಳೆದವನು. ಸೊಂಟ ಮುರಿದುಕೊಂಡ ಮೇಲಷ್ಟೇ ಬೈಕ್ ಹಿಡಿದು, ಹೊರಗಿನಿಂದ ಬಂದವರಿಗೆ ಊರು ತೋರಿಸುವ ಕೆಲಸಕ್ಕೆ ಇಳಿದದ್ದು. ಮಗುಚಿದ ದೋಣಿ ಹೇಗಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅದು ದೋಣಿಯಲ್ಲ. ಅದು ದೊಡ್ಡಯ್ಯ.

ಥಾಕ್‌ನ ಊರಾದ ಸುವೊಯ್‌ಕಾತ್‌ನಲ್ಲಿ ತಿಮಿಂಗಿಲವನ್ನು ತಿಮಿಂಗಿಲ ಎನ್ನುವವರಿಲ್ಲ, ಮೀನು ಎನ್ನುವವರಂತೂ ಇಲ್ಲವೇ ಇಲ್ಲ. ದೊಡ್ಡಯ್ಯ ಸತ್ತರು ಎನ್ನುವುದೂ ಇಲ್ಲ, ಮಲಗಿದರು ಎನ್ನಬೇಕು. ಹಾಗೆ ದಡಕ್ಕೆ ಬಂದು ಮಲಗಿದ ದೊಡ್ಡಯ್ಯನನ್ನು ಯಾರು ಮೊದಲು ಕಾಣುತ್ತಾರೋ ಅವರು ಆ ಗಳಿಗೆಯಿಂದ ಅವರ ಹಿರಿಯ ಮಗುವಾಗುತ್ತಾರೆ. ಹೆತ್ತ ಅಪ್ಪ ಹೋದರೆ ಕಟ್ಟಿಕೊಳ್ಳುವ ಬಿಳಿ ಪಟ್ಟಿಯನ್ನೇ ತಲೆಗೆ ಕಟ್ಟಿಕೊಂಡು ಮಣ್ಣು ಮಾಡಬೇಕು. ಮೂರು ವರ್ಷ ಊರು ಬಿಡದೆ ಸೂತಕ ಹಿಡಿಯಬೇಕು. ಆಮೇಲೆ ಮೂಳೆ ತೆಗೆದು, ತೊಳೆದು, ಗುಡಿಗೆ ಸೇರಿಸಬೇಕು. ಅದಕ್ಕೆ ಪ್ರತಿಯಾಗಿ ದೊಡ್ಡಯ್ಯ ಆ ಮನೆಯವರನ್ನು ನೀರಿನಲ್ಲಿ ಕಾಯುತ್ತಾರೆ. ಗಾಳಿ ಎದ್ದಾಗ ದೋಣಿಯ ಅಡಿಗೆ ಬೆನ್ನು ಕೊಟ್ಟು ದಡಕ್ಕೆ ತರುತ್ತಾರೆ.

ಥಾಕ್‌ನ ಒಬ್ಬನೇ ಮಗ ಲಾಮ್ ಆ ಹೊತ್ತಿಗೆ ಸಮುದ್ರದಲ್ಲಿದ್ದ. ಕಣವೆ ಎಂಬ ಮೀನು ಹಿಡಿಯುವ ದೋಣಿಯಲ್ಲಿ ದೂರದ ದ್ವೀಪಗಳ ಕಡೆ ಹೋಗಿದ್ದ. ಹಿಂದಿನ ಗಾಳಿಗಾಲದಲ್ಲಿ ಪಕ್ಕದೂರಿನ ದೋಣಿಯೊಂದು ಹೋಗಿದ್ದು ಹೋದಂತೆಯೇ ಆಗಿತ್ತು. ಹಲಗೆಯ ಚೂರೂ ಸಿಕ್ಕಿರಲಿಲ್ಲ. ಅಂದಿನಿಂದ ಥಾಕ್‌ನ ಎದೆಯಲ್ಲಿ ಮುಳ್ಳೊಂದು ಮುರಿದು ಕೂತಿತ್ತು. ಮಗನನ್ನು ಬೈದ, ಹೋಗಬೇಡ ಎಂದ, ಬೈಕ್ ನೀನೇ ತಗೋ ಎಂದ. ಮಗ ನಕ್ಕು ದೋಣಿ ಹತ್ತಿದ್ದ.

"ನೀನಿಲ್ಲೇ ಇರು. ಬರಬೇಡ" ಎಂದು ದಿಯೆಪ್‌ಗೆ ಹೇಳಿ ಥಾಕ್ ಓಡಿದ. ಸೊಂಟದ ನೋವನ್ನೂ ಲೆಕ್ಕಿಸಲಿಲ್ಲ. ಓಡುತ್ತ ಓಡುತ್ತಲೇ ಅವನ ತಲೆಯಲ್ಲಿ ವಿಷಯ ತೀರ್ಮಾನವಾಗಿಹೋಗಿತ್ತು. ಇವಳು ಸೈಗಾನ್‌ನಿಂದ ಬಸ್ಸು ಹತ್ತಿ ಬಂದವಳು. ಬೀಚು ನೋಡಿ, ಮರಳುಗುಡ್ಡ ನೋಡಿ, ಎಳನೀರು ಕುಡಿದು ವಾಪಸ್ಸು ಹೋಗುವವಳು. ದೋಣಿ ಎಂದಳೇ ಹೊರತು ದೊಡ್ಡಯ್ಯ ಎನ್ನಲಿಲ್ಲವಲ್ಲ. ಕಂಡದ್ದೇನೆಂದು ಗೊತ್ತಿಲ್ಲದವಳು ಕಂಡಂತೆ ಹೇಗಾಗುತ್ತದೆ?

ಹತ್ತಿರ ಹೋಗಿ ಅಂಗಿ ಬಿಚ್ಚಿ ದೊಡ್ಡಯ್ಯನ ಕಣ್ಣಿನ ಮೇಲೆ ಹೊದಿಸಿದ. ಕಣ್ಣು ತೆರೆದಿತ್ತು. ಅದು ತನ್ನನ್ನು ನೋಡುತ್ತಿಲ್ಲ, ತನ್ನ ಹೆಗಲ ಮೇಲಿಂದ ಇಳಿಜಾರಿನ ಕಡೆ ನೋಡುತ್ತಿದೆ ಎಂದು ಅವನಿಗೆ ಅನಿಸಿತು. ತಿರುಗಿ ನೋಡಿದರೆ ಇಳಿಜಾರಿನಲ್ಲಿ ಬೈಕಿನ ಪಕ್ಕ ಆ ಹೆಂಗಸು ಒಬ್ಬಳೇ ನಿಂತಿದ್ದಳು. ಥಾಕ್ ಅಂಗಿಯನ್ನು ಇನ್ನಷ್ಟು ಎಳೆದು ಕಣ್ಣು ಮುಚ್ಚಿದ.

ಊರಿಗೆ ಊರೇ ಬಂದು ನೆರೆಯಿತು. ಗುಡಿ ನೋಡಿಕೊಳ್ಳುವ ಊತ್ ತಾತನನ್ನು ಇಬ್ಬರು ತೋಳು ಹಿಡಿದು ಕರೆತಂದರು. ತಾತ ಸಮುದ್ರಕ್ಕೆ ಮುಖ ಮಾಡಿ ನಿಂತು ಕಟ್ಟಳೆಯಂತೆ ಕೇಳಿದ:

"ದೊಡ್ಡಯ್ಯನ್ನ ಮೊದಲು ಕಂಡೋರು ಯಾರು?"

"ನಾನು" ಎಂದ ಥಾಕ್.

ಮೂರು ಸಲ ಕೇಳಬೇಕು, ಮೂರು ಸಲ ಹೇಳಬೇಕು. ಎರಡನೆಯ ಸಲ ಹೇಳುವಾಗ ಜನರ ಹಿಂದೆ ದಿಯೆಪ್‌ಳ ಹುಲ್ಲಿನ ಟೋಪಿ ಕಂಡಿತು. ಅವಳು ಅವನನ್ನೇ ನೋಡುತ್ತಿದ್ದಳು. ಬಾಯಿ ತೆರೆದರೆ ಮಾನ ಹೋಯಿತು ಎಂದು ಥಾಕ್ ಉಸಿರು ಹಿಡಿದ. ಅವಳು ಬಾಯಿ ತೆರೆಯಲಿಲ್ಲ. ಮೂರನೆಯ ಸಲ "ನಾನು" ಎಂದಾಗ ಅವನ ಧ್ವನಿ ಒಡೆಯಿತು. ಜನ ಅದನ್ನು ಅಳು ಎಂದುಕೊಂಡರು. ಪಾಪ, ಥಾಕ್‌ಗೆ ಎಷ್ಟು ಭಕ್ತಿ ನೋಡಿ ಎಂದರು. ತಾತ ಬಿಳಿ ಪಟ್ಟಿ ತಂದು ಅವನ ಹಣೆಗೆ ಬಿಗಿದು ಕಟ್ಟಿದ.

ಸಂಜೆ ಥಾಕ್‌ನ ಹೆಂಡತಿ ಲುವಾ ದೋಣಿಯವರೊಂದಿಗೆ ಮಾತಾಡಲು ಮನೆಯಲ್ಲಿಟ್ಟ ರೇಡಿಯೋ ಹಚ್ಚಿ ಮಗನ ದೋಣಿಯನ್ನು ಹಿಡಿದಳು. ಸಾಕಷ್ಟು ಕೂಗಿದ ಮೇಲೆ ಮಗನ ದನಿ ಗೊರಗೊರ ಎನ್ನುತ್ತ ಬಂತು. ನಿಮ್ಮಪ್ಪ ದೊಡ್ಡಯ್ಯನ ಹಿರಿಮಗನಾಗಿದ್ದಾನೆ ಕಣೋ ಎಂದು ಅವಳು ಹೇಳಿದ್ದಕ್ಕೆ ಆ ಕಡೆ ದೋಣಿಯವರೆಲ್ಲ ಹೋ ಎಂದು ಕೂಗಿದ್ದು ಕೇಳಿಸಿತು.

"ಹಂಗಾದ್ರೆ ನಾನು ದೊಡ್ಡಯ್ಯಂಗೆ ಮೊಮ್ಮಗ ಆದ್ನಲ್ಲಮ್ಮ" ಎಂದ ಲಾಮ್. "ಅಪ್ಪಂಗೆ ಹೇಳು, ಪಟ್ಟಿ ಕಟ್ಕೊಂಡು ಹೆಂಡ ಕುಡಿಯೋಕೆ ಹೋಗ್ಬೇಡ ಅಂತ. ದೊಡ್ಡಯ್ಯನ ಮರ್ಯಾದೆ ಹೋಗತ್ತೆ."

"ಬಾ ನೀನು, ಮನೆಗೆ ಬಾ, ನಿನ್ನ ಬಾಯಿಗೆ ಮೀನಿನ ರಸ ಸುರೀತೀನಿ" ಎಂದು ಥಾಕ್ ಗದರಿದ. ಎಷ್ಟೋ ತಿಂಗಳ ಮೇಲೆ ಅವನು ಆ ರಾತ್ರಿ ಗೊರಕೆ ಹೊಡೆದು ಮಲಗಿದ.

ದೊಡ್ಡಯ್ಯನನ್ನು ಗುಡಿಯ ಹಿಂದಿನ ಮರಳಿನಲ್ಲಿ ಮಣ್ಣು ಮಾಡಿದರು. ಕಾರ್ಯ ಮುಗಿದ ಮೇಲೆ ದಿಯೆಪ್ ಹೊರಟುಹೋಗುತ್ತಾಳೆ ಎಂದು ಥಾಕ್ ಕಾದ. ಅವಳು ಹೊರಡಲಿಲ್ಲ. ಅವನ ಮನೆಯ ಮಹಡಿಯ ಮೇಲಿನ ಕೋಣೆಯಲ್ಲೇ ಬಾಡಿಗೆಗೆ ಇದ್ದವಳು ಬೆಳಿಗ್ಗೆ ಕೆಳಗಿಳಿದು ಬಂದು, ಇನ್ನೂ ನೋಡಬೇಕಾದ ಬೀಚುಗಳಿವೆ, ಉಪ್ಪಿನ ಗದ್ದೆ ಇದೆ, ಬಿಳಿ ಮರಳುಗುಡ್ಡ ಇದೆ, ಕರೆದುಕೊಂಡು ಹೋಗಿ ಚಿಕ್ಕಪ್ಪ ಎಂದಳು. ನಲವತ್ತು ದಾಟಿದ ಹೆಂಗಸು. ಮಾತು ಕಡಿಮೆ. ಬಂದ ದಿನದಿಂದ ಒಂದೊಂದು ಬೀಚಿಗೂ ಹೋಗಿ ನಿಂತು, ಫೋಟೋ ತೆಗೆಯದೆ, ನೀರಿಗೆ ಇಳಿಯದೆ, ಸುಮ್ಮನೆ ನೋಡಿ ಬರುವುದೊಂದೇ ಅವಳ ಕೆಲಸ. ಅವಳು ಎದುರಿಗೆ ನಿಂತರೆ ಥಾಕ್‌ಗೆ ಹಣೆಯ ಪಟ್ಟಿ ಬಿಗಿಯಾಗುತ್ತಿತ್ತು. ಆದರೆ ಇಲ್ಲ ಎಂದರೆ ಅನುಮಾನ ಬಂದೀತು ಎಂದು ಬೈಕ್ ತೆಗೆದ. ಸೂತಕದವನು ಊರು ಸುತ್ತುವುದುಂಟೆ ಎಂದು ಊತ್ ತಾತ ಗೊಣಗಿದ್ದಕ್ಕೆ, ಸೂತಕದವನಿಗೂ ಹೊಟ್ಟೆ ಅಂತ ಒಂದಿದೆ ತಾತ ಎಂದು ಸಿಡುಕಿ ಹೊರಟ.

ಬಿಸಿಲೆಂದರೆ ಅಂಥ ಬಿಸಿಲು. ಉಪ್ಪಿನ ಗದ್ದೆಯಲ್ಲಿ ನೆಲ ಯಾವುದು ಆಕಾಶ ಯಾವುದು ತಿಳಿಯದಂತೆ ಎಲ್ಲ ಬೆಳ್ಳಗೆ ಉರಿಯುತ್ತಿತ್ತು. ಮುಖಕ್ಕೆ ಬಟ್ಟೆ ಸುತ್ತಿಕೊಂಡ ಹೆಂಗಸರು ಉಪ್ಪು ಗೋರಿ ಬುಟ್ಟಿ ತುಂಬಿ ಸಾಲಾಗಿ ಹೊರುತ್ತಿದ್ದರು. ಮಾತು, ನಗು, ಒಬ್ಬರನ್ನೊಬ್ಬರು ಕಿಚಾಯಿಸುವುದು ಎಲ್ಲ ನಡೆದಿತ್ತು. ದಿಯೆಪ್ ಬದುವಿನ ಮೇಲೆ ಕಾಲಿಟ್ಟಳು. ಮಾತು ನಿಂತಿತು. ಸಾಲಿನಲ್ಲಿದ್ದ ಎಲ್ಲರೂ, ಮೊದಲಿನವಳಿಂದ ಕೊನೆಯವಳವರೆಗೆ, ಬುಟ್ಟಿ ಕೆಳಗಿಳಿಸಿ, ಟೋಪಿ ತೆಗೆದು ಎದೆಗೆ ಹಿಡಿದು, ತಲೆ ಬಗ್ಗಿಸಿ ನಿಂತರು. ಹೆಣ ಹೋಗುವಾಗ ದಾರಿಯಲ್ಲಿರುವವರು ನಿಲ್ಲುತ್ತಾರಲ್ಲ, ಹಾಗೆ.

ತನ್ನ ಪಟ್ಟಿ ನೋಡಿ ಮರ್ಯಾದೆ ಕೊಟ್ಟರು ಎಂದು ಥಾಕ್ ಮೊದಲು ಉಬ್ಬಿದ. ಮುದುಕಿಯೊಬ್ಬಳು ಹತ್ತಿರ ಬಂದಳು. ಅವನನ್ನು ಕಂಬವನ್ನು ಬಳಸಿಕೊಂಡು ಹೋಗುವಂತೆ ಬಳಸಿ ಹೋಗಿ, ದಿಯೆಪ್‌ಳ ಎರಡೂ ಕೈ ಹಿಡಿದುಕೊಂಡಳು.

"ಅಪ್ಪನಾ ಮಗಳೇ?" ಎಂದು ಕೇಳಿದಳು. "ಮಣ್ಣಾಯ್ತಾ ಎಲ್ಲ?"

ದಿಯೆಪ್ ತಲೆಯಾಡಿಸಿದಳು.

ಥಾಕ್ ಗಂಟಲು ಕೆರೆದು, "ಅಜ್ಜೀ, ಸೂತಕ ನಂದು" ಎಂದ. ಮುದುಕಿ ಅವನ ಮುಖ ನೋಡಿ, ಯಾವುದೋ ಭಾಷೆಯವನು ಏನೋ ಅಂದ ಎನ್ನುವ ಹಾಗೆ, ನಕ್ಕು ಬುಟ್ಟಿಯ ಕಡೆ ಹೋದಳು.

ಅಲ್ಲಿಂದ ಬಿಳಿ ಮರಳುಗುಡ್ಡಕ್ಕೆ ಹೋದರು. ಅವಳು ಮುಂದೆ, ಅವನು ಹಿಂದೆ. ನೆತ್ತಿಗೆ ಬಂದ ಸೂರ್ಯ ನೆರಳನ್ನೆಲ್ಲ ನುಂಗಿಬಿಟ್ಟಿದ್ದ. ಕಾಲಿಟ್ಟರೆ ಬೊಬ್ಬೆ ಏಳುವಂಥ ಮರಳು. ಏರುತ್ತ ಏರುತ್ತ ಥಾಕ್‌ನ ಕಣ್ಣು ಅವಳ ಹೆಜ್ಜೆ ಗುರುತಿನ ಮೇಲೆ ಬಿತ್ತು. ಅವಳು ಕಾಲೆತ್ತಿದ ಕೂಡಲೇ ಆ ಗುಂಡಿಯಲ್ಲಿ ನೀರು ಒಸರುತ್ತಿತ್ತು. ಒಂದರಲ್ಲಲ್ಲ, ಎಲ್ಲದರಲ್ಲೂ. ಕೆಳಗಿನಿಂದ ಮೇಲಿನವರೆಗೆ ಪುಟ್ಟ ಪುಟ್ಟ ಕನ್ನಡಿ ಇಟ್ಟ ಹಾಗೆ ಆಕಾಶ ಹೊಳೆಯುತ್ತಿತ್ತು. ಅವನು ಕೂತು ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ. ಸಮುದ್ರದ ನೀರು. ತಂಪಾಗಿತ್ತು, ಆಳದ ನೀರಿನ ಹಾಗೆ.

ಗುಡ್ಡದ ತುದಿಯಲ್ಲಿ ಅವಳು ತಟ್ಟನೆ ನಿಂತು ಹಿಂದಕ್ಕೆ ತಿರುಗಿದಳು.

"ಕರೆದ್ರಾ ಚಿಕ್ಕಪ್ಪ?"

"ಇಲ್ವಲ್ಲ."

"ಯಾರೋ ಕರೀತಾರೆ. ಮೊನ್ನೆಯಿಂದ. ಬಿಸಿಲು ಏರಿದ ಕೂಡ್ಲೇ ಶುರು. ಹೆಸರು ಹಿಡಿದಲ್ಲ, ಹಿರಿಯವಳೇ ಅಂತ."

"ಬಿಸಿಲು ತಲೆಗೇರಿದೆ ನಿಂಗೆ. ಟೋಪಿ ಹಾಕ್ಕೋ" ಎಂದ ಥಾಕ್. ಅವನ ನಾಲಿಗೆಯ ಮೇಲೆ ಉಪ್ಪು ಇನ್ನೂ ಹಾಗೇ ಇತ್ತು.

ವಾಪಸ್ಸು ಬರುವಾಗ ಪಕ್ಕದ ಮೀನುಗಾರರ ಪಟ್ಟಣದ ಬಂದರಿನಲ್ಲಿ ಕಬ್ಬಿನ ಹಾಲಿಗೆ ಗಾಡಿ ನಿಲ್ಲಿಸಿದರು. ಆ ಕಡೆಯ ದೋಣಿಗಳಿಗೆಲ್ಲ ಮೂತಿಯ ಎರಡೂ ಬದಿ ಕಣ್ಣು ಬರೆದಿರುತ್ತಾರೆ. ಲಂಗರು ಹಾಕಿದ ದೋಣಿ ಗಾಳಿಗೆ ಎದುರಾಗಿ ಮೂತಿ ತಿರುಗಿಸಿ ನಿಲ್ಲುತ್ತದೆ, ಅದರಲ್ಲಿ ಹೇಳುವುದೇನಿಲ್ಲ. ತೆಳುಗಾಳಿ ಸಮುದ್ರದಿಂದ ಬೀಸುತ್ತಿತ್ತು. ದಿಯೆಪ್ ದಡದ ಕಟ್ಟೆಯ ಮೇಲೆ ನಿಂತು ಕಬ್ಬಿನ ಹಾಲು ಹೀರುತ್ತಿದ್ದಳು. ಥಾಕ್ ಸಿಗರೇಟು ಹಚ್ಚಿ ತಲೆ ಎತ್ತಿದರೆ ಕೊಲ್ಲಿಯಲ್ಲಿದ್ದ ಅಷ್ಟೂ ದೋಣಿಗಳು ಗಾಳಿಗೆ ಬೆನ್ನು ಹಾಕಿ ನಿಂತಿದ್ದವು. ಕೆಂಪು ಬಳಿದ ಅಷ್ಟೂ ಮೂತಿಗಳು, ಬೆಳ್ಳಗಿನ ಅಷ್ಟೂ ಕಣ್ಣುಗಳು ಕಟ್ಟೆಯ ಮೇಲಿನ ಆ ಹೆಂಗಸನ್ನು ನೋಡುತ್ತಿದ್ದವು. ಕಬ್ಬಿನ ಹಾಲಿನವಳು ಅದನ್ನು ಕಂಡು ಯಂತ್ರ ನಿಲ್ಲಿಸಿದಳು, ಅಂಗಡಿಯ ಬಾಗಿಲು ಎಳೆದುಕೊಂಡಳು.

ಮನೆಗೆ ಬಂದಾಗ ಲುವಾ ರೇಡಿಯೋದ ಮುಂದೆ ಕೂತಿದ್ದಳು. ಬೆಳಿಗ್ಗೆಯಿಂದ ಕರೆಯುತ್ತಿದ್ದಾಳೆ, ಲಾಮ್‌ನ ದೋಣಿ ಓಗೊಡುತ್ತಿಲ್ಲ. ಜೊತೆಗೆ ಹೋದ ಮಿಕ್ಕ ದೋಣಿಗಳೆಲ್ಲ ಮಧ್ಯಾಹ್ನವೇ ಬಂದು ಕಣವೆ ಇಳಿಸಿ ಆಗಿದೆ. ಲಾಮ್‌ನ ದೋಣಿಯ ಎಂಜಿನ್ ಕೆಟ್ಟಿತು ಎಂದು ಕೊನೆಯದಾಗಿ ಕೇಳಿದರಂತೆ, ಹುಡುಕಿದರೆ ಸಿಗಲಿಲ್ಲವಂತೆ. ಬಿರುಗಾಳಿ ಇಲ್ಲ, ಅಲೆ ಇಲ್ಲ, ಸಮುದ್ರ ತಟ್ಟೆಯಲ್ಲಿ ಹಾಕಿಟ್ಟ ಎಣ್ಣೆಯ ಹಾಗೆ ಬಿದ್ದಿದೆ. ಅಂಥ ಸಮುದ್ರದಲ್ಲಿ ಒಂದು ದೋಣಿ ಕಾಣೆಯಾಗುವುದು ಹೇಗೆ?

"ನೀನು ಹಿರಿಮಗ ಅಲ್ವೇನಯ್ಯ?" ಎಂದಳು ಲುವಾ. ಅವಳ ಕಣ್ಣು ಒಣಗಿತ್ತು. "ಹೋಗಿ ಕೇಳು ನಿಮ್ಮಪ್ಪನ್ನ. ನಮ್ಮ ಹುಡುಗ ಎಲ್ಲಿ ಅಂತ ಕೇಳು."

ಊರಿನವರೂ ಅದನ್ನೇ ಹೇಳಿದರು. ಮಾರನೆಯ ದಿನ ಬಿಸಿಲೇರುವ ಹೊತ್ತಿಗೆ ಥಾಕ್ ಗುಡಿಯ ಹಿಂದಿನ ದಿಬ್ಬದ ಮುಂದೆ ಮಂಡಿಯೂರಿದ. ಊದುಬತ್ತಿಯ ಕಟ್ಟು ಹಚ್ಚಲು ಹೋದ. ಹತ್ತಲಿಲ್ಲ. ಹೊಸ ಕಟ್ಟು ಒಡೆದ. ಬೆರಳಿನ ನಡುವೆ ಕಡ್ಡಿಗಳು ಒದ್ದೆಯಾಗಿ ಮೆತ್ತಗಾದವು. ಹಣೆಯ ಮೇಲಿಂದ ಏನೋ ಇಳಿದು ಕಣ್ಣಿಗೆ ಹೋಗಿ ಉರಿಯಿತು. ಬೆವರೆಂದು ಒರೆಸಿದ. ಮತ್ತೆ ಇಳಿಯಿತು. ಮುಟ್ಟಿ ನೋಡಿದರೆ ಬಿಳಿ ಪಟ್ಟಿ ತೊಟ್ಟಿಕ್ಕುತ್ತಿತ್ತು, ಈಗಷ್ಟೇ ಸಮುದ್ರದಲ್ಲಿ ಅದ್ದಿ ತೆಗೆದ ಹಾಗೆ.

ಇಷ್ಟಾದ ಮೇಲಾದರೂ ಮನುಷ್ಯ ಬಾಯಿಬಿಡಬೇಕಿತ್ತು. ಥಾಕ್ ಬಿಡಲಿಲ್ಲ. ಸುಳ್ಳು ಸೂತಕ ಹಿಡಿದವನೆಂದು ಗೊತ್ತಾದರೆ ಊರಿನಲ್ಲಿ ಒಂದು ದೋಣಿಯೂ ಲಾಮ್‌ನನ್ನು ಹತ್ತಿಸಿಕೊಳ್ಳುವುದಿಲ್ಲ, ಲುವಾ ಬಾವಿಗೆ ಹೋದರೆ ಹೆಂಗಸರು ಕೊಡ ಎತ್ತಿಕೊಂಡು ಹೊರಡುತ್ತಾರೆ. ಅವನ ತಲೆ ಇನ್ನೊಂದು ದಾರಿ ಹುಡುಕಿತು. ನಿಜವಾದ ಮಗಳು ಊರಲ್ಲಿ ಇರುವುದರಿಂದಲ್ಲವೇ ಇಷ್ಟೆಲ್ಲ? ಅವಳು ಹೊರಟುಹೋದರೆ ಉಳಿಯುವವನು ತಾನೊಬ್ಬನೇ. ಆಗ ದೊಡ್ಡಯ್ಯ ತಾನೆ ಇನ್ಯಾರನ್ನು ಕರೆಯುತ್ತಾರೆ?

ಮನೆಗೆ ಹೋಗಿ, ಮಗನ ವಿಷಯ ಹೀಗಾಗಿದೆ, ಬಾಡಿಗೆಯವರನ್ನು ಇಟ್ಟುಕೊಳ್ಳುವ ಸ್ಥಿತಿ ಇಲ್ಲ, ಹೊರಡು ಎಂದು ದಿಯೆಪ್‌ಗೆ ಹೇಳಿದ. ಅವಳು ಏಕೆ ಎನ್ನದೆ ಚೀಲ ತುಂಬಿಕೊಂಡಳು. ಹೆದ್ದಾರಿಯ ಪಕ್ಕ ಬಸ್ಸು ನಿಲ್ಲುವ ಕಡೆ ಇಬ್ಬರೂ ಕಾದರು. ಡಾಂಬರಿನ ಮೇಲೆ ಬಿಸಿಲ ಝಳ ನೀರಿನಂತೆ ಅಲುಗುತ್ತಿತ್ತು. ಸೈಗಾನ್ ಬಸ್ಸು ಬಂದು ಬಾಗಿಲು ತೆರೆಯಿತು. ದಿಯೆಪ್ ಮೆಟ್ಟಿಲ ಮೇಲೆ ಕಾಲಿಟ್ಟಳು. ಚಾಲಕ ಕೈ ಅಡ್ಡ ಹಿಡಿದ.

"ಬೇಡಮ್ಮ, ತಪ್ಪು ತಿಳೀಬೇಡಿ. ತಲೆಗೆ ಪಟ್ಟಿ ಕಟ್ಟಿರೋರನ್ನ ನಾನು ಹತ್ತಿಸ್ಕೊಳ್ಳಲ್ಲ. ಘಾಟಿ ದಾರಿ."

ದಿಯೆಪ್‌ಳ ತಲೆ ಬರಿದಾಗಿತ್ತು. ಟೋಪಿ ಕೂಡ ಕೈಯಲ್ಲಿತ್ತು.

ಥಾಕ್‌ಗೆ ಸಿಟ್ಟು ನೆತ್ತಿಗೇರಿತು. "ಏನಯ್ಯಾ, ಕಣ್ಣು ಕಾಣಲ್ವಾ? ಪಟ್ಟಿ ಕಟ್ಟಿರೋನು ನಾನು. ಬಸ್ ಹತ್ತೋಳು ಅವಳು. ನೋಡು ಇಲ್ಲಿ" ಎಂದು ತನ್ನ ಹಣೆ ತೋರಿಸಿದ.

ಚಾಲಕ ಅವನ ಹಣೆ ನೋಡಿದ. ಆಮೇಲೆ ಪಕ್ಕದಲ್ಲಿದ್ದ ಕ್ಲೀನರ್ ಕಡೆ ನೋಡಿ ಮೆಲ್ಲಗೆ, "ಪಾಪ, ದುಃಖಕ್ಕೆ ತಲೆ ಕೆಟ್ಟಿರ್ಬೇಕು" ಎಂದ. "ನಿಮ್ಮ ತಲೆ ಮೇಲೆ ಏನೂ ಇಲ್ಲ ಯಜಮಾನ್ರೇ. ಅಮ್ಮಂದು ಸರಿಯಾಗಿ ಕಟ್ಟಿ, ಗಂಟು ಸಡಿಲ ಆಗಿದೆ."

ಬಾಗಿಲು ಮುಚ್ಚಿತು, ಬಸ್ಸು ಹೋಯಿತು. ಥಾಕ್ ಎರಡೂ ಕೈಯಿಂದ ತಲೆ ಮುಟ್ಟಿಕೊಂಡ. ಪಟ್ಟಿ ಅಲ್ಲೇ ಇತ್ತು. ಬಿಗಿಯಾಗಿ, ತಣ್ಣಗೆ, ತೊಟ್ಟಿಕ್ಕುತ್ತ ಇತ್ತು. ಅವನು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟ.

"ನೀನ್ಯಾಕೆ ಅವತ್ತು ಸುಮ್ನಿದ್ದೆ?" ಎಂದು ಕೇಳಿದ. "ನಾನು ಸುಳ್ಳು ಹೇಳ್ತಿದ್ದಾಗ ಅಲ್ಲೇ ಇದ್ಯಲ್ಲ."

ದಿಯೆಪ್ ಅವನ ಪಕ್ಕ ಚೀಲ ಇಟ್ಟು ಕೂತಳು.

"ನಿಮ್ಮ ಮಗ ನೀರಲ್ಲಿದ್ದ. ನಿಮಗೆ ಬೇಕಾಗಿತ್ತು. ನಂಗೆ ಅದರ ಅರ್ಥನೂ ಗೊತ್ತಿರ್ಲಿಲ್ಲ. ನಮ್ಮಪ್ಪ ಈ ಕಡೆಯ ಯಾವ್ದೋ ಬೀಚಿಂದ ದೋಣಿ ಹತ್ತಿದ್ರಂತೆ, ನಾನು ಕೈಗೂಸು. ಹೊರದೇಶ ಸೇರಿದ ಮೇಲೆ ಕರೆಸ್ಕೋತೀನಿ ಅಂದಿದ್ರಂತೆ. ಯಾವ ಬೀಚು ಅಂತ ಅಮ್ಮ ಸಾಯೋವರ್ಗೂ ಹೇಳ್ಲಿಲ್ಲ. ಸುದ್ದಿನೇ ಬರ್ಲಿಲ್ಲ. ಕಾಯ್ತಾ ಇದ್ವಿ, ಅದಕ್ಕೇ ನಮ್ಮನೇಲಿ ಯಾರೂ ಪಟ್ಟಿ ಕಟ್ಟಲೇ ಇಲ್ಲ. ನಾನು ಎಲ್ಲ ಬೀಚೂ ನೋಡೋಣ ಅಂತ ಬಂದೆ."

ಥಾಕ್ ತಲೆ ಎತ್ತಲಿಲ್ಲ. ತಾನು ಪಟ್ಟಿ ಬಿಚ್ಚಿದರೆ ಅದು ಅವಳ ತಲೆಗೆ ಹೋಗುತ್ತದೆ, ಮೂರು ವರ್ಷ ಈ ಊರು ಬಿಡುವಂತಿಲ್ಲ, ಸಮುದ್ರ ಕರೆದಾಗಲೆಲ್ಲ ಓಗೊಡಬೇಕು, ಆಗುತ್ತದಾ ಎಂದು ಬಿಕ್ಕುತ್ತ ಕೇಳಿದ. ಅವಳು ಎದ್ದು ಚೀಲ ಹೆಗಲಿಗೆ ಹಾಕಿಕೊಂಡಳು. ಬೈಕಿನ ಹಿಂದಿನ ಸೀಟಿಗೆ ಹತ್ತಿ ಕೂತಳು.

ಗುಡಿಯ ಮುಂದೆ ಊರಿನವರು ಹುಡುಕಲು ಹೋಗುವ ದೋಣಿಗಳಿಗೆ ಎಣ್ಣೆ ತುಂಬುತ್ತಿದ್ದರು. ಥಾಕ್ ಅವರೆಲ್ಲರ ನಡುವೆ ನಿಂತು, ಲುವಾ ಕೇಳುವ ಹಾಗೆ, ಮೊದಲು ಕಂಡದ್ದು ನಾನಲ್ಲ, ಇವಳು ಎಂದ. ಒಬ್ಬರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಕ್ಕದಲ್ಲಿದ್ದವರು ಒಂದೊಂದು ಹೆಜ್ಜೆ ಹಿಂದೆ ಸರಿದರು, ಅವನ ಸುತ್ತ ಮರಳು ಖಾಲಿಯಾಯಿತು. ಲುವಾ ಅಂಗಿಯ ತುದಿಯನ್ನು ಬಾಯಿಗೆ ತುರುಕಿಕೊಂಡು ಕೂತಳು.

ಊತ್ ತಾತ ಬಂದು ಗಂಟು ಬಿಚ್ಚಿದ. ಪಟ್ಟಿ ಹಿಂಡಿದರೆ ಒಂದು ಚೆಂಬು ನೀರು ಬರುತ್ತಿತ್ತೇನೋ, ಅಷ್ಟು ಭಾರವಾಗಿತ್ತು. ಅದನ್ನೇ ದಿಯೆಪ್‌ಳ ಹಣೆಗೆ ಸುತ್ತಿದ. ಗಂಟು ಬೀಳುವಷ್ಟರಲ್ಲಿ ಅದು ಒಣಗಿ ಬಿಸಿಲಿಗೆ ಬೆಳ್ಳಗೆ ಗರಿಗರಿಯಾಗಿತ್ತು. ತಾತ ಕೈ ಹಿಂದೆಳೆದುಕೊಂಡ, ಸಮುದ್ರದ ಕಡೆ ತಿರುಗಿದ.

"ದೊಡ್ಡಯ್ಯನ್ನ ಮೊದಲು ಕಂಡೋರು ಯಾರು?"

"ನಾನು" ಎಂದಳು ದಿಯೆಪ್. ಮೂರು ಸಲವೂ ಒಂದೇ ದನಿಯಲ್ಲಿ. ಕೊನೆಯ ಸಲ ಹೇಳಿದ ಮೇಲೆ ನೀರಿನ ಕಡೆ ಕಿವಿಗೊಟ್ಟು, ಪಕ್ಕದ ಕೋಣೆಯವರಿಗೆ ಹೇಳುವ ಹಾಗೆ, "ಹೂಂ, ಇಲ್ಲೇ ಇದೀನಿ" ಎಂದಳು.

ಹೊತ್ತು ಇಳಿಯುವ ಮುಂಚೆ ದೋಣಿ ಬಂತು. ಎಂಜಿನ್ನಿನ ಸದ್ದಿಲ್ಲ, ಹುಟ್ಟು ಹಾಕುವವರಿಲ್ಲ. ನಿಂತ ನೀರಿನ ಮೇಲೆ, ಯಾರೋ ಹಗ್ಗ ಕಟ್ಟಿ ಎಳೆದ ಹಾಗೆ, ನೇರವಾಗಿ ಬಂತು. ಆಳ ಕಡಿಮೆಯಾಗುವ ಕಡೆ ಒಂದು ಸಲ ಮೇಲೆದ್ದು ಇಳಿಯಿತು, ಅಡಿಯಿಂದ ಯಾರೋ ಬೆನ್ನು ತೆಗೆದಂತೆ. ಲುವಾ ಎದೆಮಟ್ಟ ನೀರಿಗೆ ಓಡಿ ಮಗನನ್ನು ಎಳೆದುಕೊಂಡಳು. ಎಲ್ಲರೂ ಬದುಕಿದ್ದರು. ತುಟಿ ಒಡೆದು, ಮುಖ ಸುಟ್ಟು ಹೋಗಿತ್ತು.

ಲಾಮ್‌ಗೆ ಎಳನೀರು ಕುಡಿಸಿದ ಮೇಲೆ ಮಾತು ಬಂತು. ಎಂಜಿನ್ ನಿಂತ ಸ್ವಲ್ಪ ಹೊತ್ತಿಗೆ ದೋಣಿಯ ಅಡಿಯಲ್ಲಿ ಏನೋ ಬಂದು ಒರಗಿತಂತೆ. ದಡದ ಕಡೆ ತಳ್ಳಲು ಶುರುಮಾಡಿತಂತೆ. ದೊಡ್ಡಯ್ಯನೇ ಎಂದು ಎಲ್ಲರೂ ಕೈಮುಗಿದರಂತೆ.

"ಆಮೇಲೆ ಅದು ಕೇಳ್ತು" ಎಂದ ಲಾಮ್. "ಕಿವೀಲಲ್ಲ, ಹಲಗೇಲಿ ಕೇಳಿಸ್ತಿತ್ತು, ಕಾಲಿನಿಂದ ಮೇಲಕ್ಕೆ. ನನ್ನ ಹಿರಿಯ ಮಗು ಯಾರು ಅಂತ. ನಮಗೆ ಗೊತ್ತಿತ್ತಲ್ಲ, ಅಮ್ಮ ಹೇಳಿದ್ಳಲ್ಲ. ಅಪ್ಪನ ಹೆಸರು ಹೇಳಿದ್ವಿ. ತಳ್ಳೋದು ನಿಂತೋಯ್ತು. ದೋಣಿ ಹಿಂದಕ್ಕೆ ಹೋಗೋಕೆ ಶುರುವಾಯ್ತು, ದಡ ಕಾಣದೇ ಇರೋ ಕಡೆಗೆ. ಮತ್ತೆ ಬಂತು, ಮತ್ತೆ ಕೇಳ್ತು. ಸರಿಯಾಗಿ ಕೇಳಿಸಿಲ್ವೇನೋ ಅಂತ ಎಲ್ರೂ ಸೇರಿ ಜೋರಾಗಿ ಕೂಗಿದ್ವಿ ಅಪ್ಪನ ಹೆಸರನ್ನ. ಇನ್ನೂ ದೂರ ಹೋದ್ವಿ."

ಲಾಮ್ ಇನ್ನೊಂದು ಗುಟುಕು ಎಳನೀರು ಕುಡಿದ.

"ಇವತ್ತು ಮಧ್ಯಾಹ್ನ ಮತ್ತೆ ಕೇಳ್ತು. ನನ್ನ ಬಾಯಿಗೆ ಬೇರೆ ಹೆಸರು ಬಂತು, ಅದ್ಹೇಗೋ ನಂಗೊತ್ತಿಲ್ಲ. ದಿಯೆಪ್ ಅಂದೆ. ಅಂದಿದ್ದೇ ತಡ, ಇಲ್ಲಿವರೆಗೂ ನಿಲ್ಲಲೇ ಇಲ್ಲ." ಅವನು ಸುತ್ತ ನೋಡಿದ. "ದಿಯೆಪ್ ಅಂದ್ರೆ ಯಾರು?"

ಅಮ್ಮನ ರೇಡಿಯೋದಲ್ಲಿ ಆ ಹೆಸರು ಒಂದು ಸಲವೂ ಬಂದಿರಲಿಲ್ಲ. ಲಾಮ್ ದೋಣಿ ಹತ್ತಿ ಹೋದಮೇಲೆ ಅವಳು ಊರಿಗೆ ಬಂದವಳು. ಜನ ದಾರಿ ಬಿಟ್ಟರು. ಆ ಹೆಂಗಸು ನೀರಿನಂಚಿನಲ್ಲಿ ಬೆನ್ನು ಮಾಡಿ ಕೂತಿದ್ದಳು. ಲಾಮ್ ತಡವರಿಸುತ್ತ ಅಪ್ಪನ ಮುಂದಿನಿಂದ ಹಾದು ಹೋಗಿ, ಮರಳಿಗೆ ಹಣೆ ಮುಟ್ಟಿಸಿ, "ಅಕ್ಕಾ" ಎಂದ. ಅವಳು ತಿರುಗದೆ ಅವನ ಒದ್ದೆ ತಲೆಯ ಮೇಲೆ ಕೈಯಿಟ್ಟಳು.

ದಿಯೆಪ್ ಮಹಡಿಯ ಕೋಣೆಯಲ್ಲೇ ಉಳಿದಳು. ಊರಿನವರು ಅಕ್ಕಿ ತಂದು ಕೊಡುತ್ತಾರೆ, ದೋಣಿ ಹೊರಡುವ ಮುಂಚೆ ಬಂದು ಹೇಳಿ ಹೋಗುತ್ತಾರೆ. ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ತಲೆ ಓರೆ ಮಾಡಿ, "ಬಂದೆ" ಎಂದು ಎದ್ದು ಹೋಗುತ್ತಾಳೆ. ಮರಳಿ ಬಂದಾಗ ಮೆಟ್ಟಿಲ ಮೇಲೆ ಅವಳ ಹೆಜ್ಜೆ ಒದ್ದೆಯಾಗಿ ಉಳಿಯುತ್ತದೆ. ಲುವಾ ಒರೆಸುವುದನ್ನು ಬಿಟ್ಟಿದ್ದಾಳೆ.

ಥಾಕ್ ಈಗಲೂ ಬೈಕ್ ಓಡಿಸುತ್ತಾನೆ. ದಿನವಿಡೀ ಸುಡುವ ಬಿಸಿಲಿನಲ್ಲಿ ಅವನ ಮುಖವೆಲ್ಲ ಇದ್ದಿಲಾಗಿದ್ದರೂ ಹಣೆಯ ಮೇಲೆ ಪಟ್ಟಿ ಕಟ್ಟಿದ್ದ ಜಾಗ ಮಾತ್ರ ಬಿಳಿಚಿಕೊಂಡೇ ಇದೆ, ನೀರಿನಲ್ಲಿ ನೆಂದ ಚರ್ಮದ ಹಾಗೆ. ಊರಿನವರು ಅದನ್ನು ನೋಡಿ ಮಾತು ನಿಲ್ಲಿಸುತ್ತಾರೆ. ಅದಕ್ಕೂ ಅವನು ಹೊಂದಿಕೊಂಡಿದ್ದಾನೆ.

ಹೊಂದಿಕೊಳ್ಳಲಾಗದ್ದು ಸಂಜೆಯ ರೇಡಿಯೋ. ಮಗ ಒಳ್ಳೆಯವನು. ಮನೆಯಲ್ಲಿದ್ದಾಗ ಅಪ್ಪನಿಗೆ ಮೊದಲು ಬಡಿಸು ಎನ್ನುತ್ತಾನೆ, ಸೊಂಟಕ್ಕೆ ಎಣ್ಣೆ ತಿಕ್ಕುತ್ತಾನೆ. ದೋಣಿ ಹತ್ತಿದ ಮೇಲೆ ಬೇರೆ. ರೇಡಿಯೋದಲ್ಲಿ ಅಮ್ಮನ ಹತ್ತಿರ ಮಾತಾಡುತ್ತಾನೆ, ಅಕ್ಕ ಹೇಗಿದಾರೆ ಎಂದು ಕೇಳುತ್ತಾನೆ, ದೋಣಿಯವರ ನಗು ಕೇಳಿಸುತ್ತದೆ. ಥಾಕ್ ಮೈಕು ಕೈಗೆ ತೆಗೆದುಕೊಂಡು, "ನಾನು ಕಣೋ" ಎಂದ ಕೂಡಲೇ ಆ ಕಡೆ ಎಲ್ಲ ನಿಶ್ಶಬ್ದ. ಅವನ ಹೆಸರನ್ನಾಗಲಿ ಅಪ್ಪ ಎಂಬ ಮಾತನ್ನಾಗಲಿ ಆ ದೋಣಿಯಲ್ಲಿ ಯಾರೂ ಬಾಯಿಗೆ ತರುವುದಿಲ್ಲ. ತಂದರೆ ದಡ ದೂರವಾಗುತ್ತದೆ.

"ಊಟ ಆಯ್ತೇನೋ?" ಎಂದು ಥಾಕ್ ಕೇಳುತ್ತಾನೆ.

ಗೊರಗೊರ ಸದ್ದಿನ ಹಿಂದೆ ಹಲಗೆಗೆ ನೀರು ಮೆಲ್ಲಗೆ ತಟ್ಟುವುದು ಕೇಳಿಸುತ್ತದೆ. ಆಮೇಲೆ ಬಹಳ ಹೊತ್ತಿಗೆ ಒಂದು "ಹೂಂ" ಬರುತ್ತದೆ.